ಜಾಂಬೋಟಿ ದಾರಿಯಲ್ಲಿ ಕಂಡ ಹಳದಿ ಹೂವಿನ ಗಿಡ: ತೊಗರಿ ಹಾಗೇ ಇದೆ, ಆದರೆ ತೊಗರಿ ಅಲ್ಲ. ಯಾರಿಗಾದರೂ ಗೊತ್ತಾ?

ಇಂಡಿ ಹೊಲ

ಎಲ್ಲರಿಗೂ ನಮಸ್ಕಾರ. ನಮ್ಮದು ವಿಜಯಪುರ ಜಿಲ್ಲೆ, ಇಂಡಿ ತಾಲೂಕು. ಅಜ್ಜನ ಕಾಲದಿಂದ ತೊಗರಿ ಬಿತ್ತುವ ಮನೆ. ಒಂದು ಗಿಡದ ಬಗ್ಗೆ ಕೇಳಬೇಕಿತ್ತು.

ಹೋದ ವಾರ ಬೀಗರ ಮನೆ ಮದುವೆಗೆ ಖಾನಾಪುರಕ್ಕೆ ಹೋಗಿದ್ದೆವು. ಮರುದಿನ ಅಪ್ಪ ಕಣಕುಂಬಿಗೆ ಹೋಗೋಣ ಅಂದರು. ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುವುದನ್ನು ಎಷ್ಟೋ ಸಲ ನೋಡಿದ್ದಾರೆ. ಹುಟ್ಟುವ ಜಾಗ ನೋಡಿರಲಿಲ್ಲ. ಜಾಂಬೋಟಿ ದಾಟಿ ಸ್ವಲ್ಪ ಮುಂದೆ ಹೋಗಿದ್ದೆವು, ಅಪ್ಪ ಒಮ್ಮೆಲೇ "ಗಾಡಿ ನಿಲ್ಲಿಸು" ಅಂದರು. ಏನೋ ಆಯಿತು ಅಂತ ಗಾಬರಿಯಾಗಿ ನಿಲ್ಲಿಸಿದೆ. ಅವರು ಇಳಿದವರೇ ರಸ್ತೆ ಪಕ್ಕದ ಇಳಿಜಾರು ಹತ್ತಿಬಿಟ್ಟರು.

ಅಲ್ಲಿ ಎದೆಮಟ್ಟದ ಗಿಡಗಳು. ಒಂದೆರಡಲ್ಲ, ಹುಲ್ಲಿನ ನಡುವೆ ಅಲ್ಲೊಂದು ಇಲ್ಲೊಂದು, ಹತ್ತಾರು. ತುಂಬಾ ಹಳದಿ ಹೂ. ಹೂ ನೋಡಿದರೆ ಥೇಟ್ ತೊಗರಿ ಹೂವೇ. ಎಲೆಯೂ ಮೂರು ಮೂರು. ಆದರೆ ತೊಗರಿ ಎಲೆ ಉದ್ದ, ತುದಿ ಚೂಪು. ಇದರ ಎಲೆ ಚಿಕ್ಕದು, ದಪ್ಪ, ತುದಿ ದುಂಡಗೆ. ಮುಟ್ಟಿದರೆ ಮಖಮಲ್ಲಿನ ಹಾಗೆ ಮೆತ್ತಗೆ. ಕಾಯಿ ಅಂತೂ ಬಹಳ ಸಣ್ಣದು, ಹೆಬ್ಬೆರಳಿನ ಉಗುರಿನಷ್ಟು, ಮೈತುಂಬ ರೋಮ.

ಅಪ್ಪ ಎಲೆ ತಿಕ್ಕಿ ಮೂಸಿದರು. ಮತ್ತೊಮ್ಮೆ ಮೂಸಿದರು. ಆಮೇಲೆ ಹೇಳಿದರು: "ಇದು ತೊಗರಿ ಅಲ್ಲಪಾ. ಆದರ ತೊಗರಿ ಬಳಗ."

ಅರವತ್ತು ವರ್ಷ ತೊಗರಿ ಹೊಲದಲ್ಲೇ ಬೆಳೆದವರು ಅವರು. ಅವರ ಮಾತು ಸುಳ್ಳಾಗಲಿಕ್ಕಿಲ್ಲ ಅಂತ ನನಗೆ ಅನಿಸುತ್ತದೆ. ನಾಲ್ಕು ಫೋಟೋ ಹಾಕಿದ್ದೇನೆ. ಯಾರಾದರೂ ಹೇಳಿ.

ಬಾದಾಮಿ ಬಂಡೆ

ಹೊನ್ನಾವರಿಕೆ ಇರಬಹುದಾ? ನಮ್ಮ ಕಡೆ ಕೆಲವರು ತಂಗಡಿ ಅಂತಾರೆ. ಬಾದಾಮಿ, ಗುಳೇದಗುಡ್ಡ ಕಡೆ ಮಡ್ಡಿಯಲ್ಲಿ, ರಸ್ತೆ ಪಕ್ಕ ಎಲ್ಲಾ ಕಡೆ ಇರುತ್ತದೆ. ಅದರ ಹೂವೂ ಒಳ್ಳೆ ಹಳದಿ. ಆಡು ಸಹ ಬಾಯಿ ಹಾಕುವುದಿಲ್ಲ, ಅದಕ್ಕೇ ಅಷ್ಟು ಉಳಿದಿದೆ. ಮೊದಲು ಅದರ ತೊಗಟೆಯಿಂದಲೇ ಚರ್ಮ ಹದ ಮಾಡುತ್ತಿದ್ದರು. ತೆಲಂಗಾಣದವರು ಬತುಕಮ್ಮ ಹಬ್ಬದಲ್ಲಿ ಇದೇ ಹೂ ಜೋಡಿಸುತ್ತಾರೆ.

ಇಂಡಿ ಹೊಲ

ಇಲ್ಲ ಅಣ್ಣಾ, ಹೊನ್ನಾವರಿಕೆ ನನಗೆ ಗೊತ್ತು. ಅದರ ಎಲೆ ಹುಣಸೆ ಎಲೆಯ ಹಾಗೆ ಸಾಲಾಗಿ ಇರುತ್ತದೆ. ಹೂ ಐದು ಎಸಳು ಬಿಚ್ಚಿಕೊಂಡು ಅರಳುತ್ತದೆ. ಇದು ಹಾಗಲ್ಲ. ಹಿಂದೆ ಒಂದು ದೊಡ್ಡ ಎಸಳು, ಮುಂದೆ ದೋಣಿಯಂತೆ ಮಡಚಿದ ಎಸಳು. ಅವರೆ, ಕಡಲೆ, ತೊಗರಿ ಹೂ ಇರುತ್ತದಲ್ಲ, ಹಾಗೆ.

ಮುದ್ದೇಬಿಹಾಳ ರೈತ

ಹಾಗಾದರೆ ಗಿಲಿಗಿಲಿ ಗಿಡ ನೋಡಿರಿ. ಸಣ್ಣವರಿದ್ದಾಗ ಅದರ ಒಣ ಕಾಯಿ ಕಿವಿ ಹತ್ತಿರ ಅಲ್ಲಾಡಿಸಿ ಆಡುತ್ತಿದ್ದೆವು. ಅದರ ಹೂವೂ ಹಳದಿ, ಹೀಗೇ ದೋಣಿಯಂತೆ.

ಖಾನಾಪುರದವಳು

ಗಿಲಿಗಿಲಿ ಅಲ್ಲ ರೀ. ಗಿಲಿಗಿಲಿ ಕಾಯಿ ಗಾಳಿ ತುಂಬಿದ ಹಾಗೆ ಉಬ್ಬಿರುತ್ತದೆ. ಈ ಫೋಟೋದಲ್ಲಿ ಕಾಯಿ ಚಪ್ಪಟೆ ಇದೆ, ನೋಡಿ.

ನಮ್ಮೂರು ಜಾಂಬೋಟಿ ಹತ್ತಿರವೇ. ನಮ್ಮ ಕಡೆ ಮರಾಠಿ ಮಾತನಾಡುವವರು ಇದಕ್ಕೆ ರಾನ್ ತೂರ್ ಅಂತಾರೆ. ಅಂದರೆ ಕಾಡುತೊಗರಿ. ನಾವು ಮನೆಯಲ್ಲಿ ಕನ್ನಡ ಮಾತನಾಡುವವರೂ ಅದೇ ಹೆಸರು ಹೇಳುತ್ತೇವೆ. ದೀಪಾವಳಿ ಕಳೆದು ಹುಲ್ಲು ಒಣಗಿ ಕೆಂಪಾಗುವ ಹೊತ್ತಿಗೆ ಇದು ಹೂ ಬಿಡುತ್ತದೆ. ಗುಡ್ಡವೆಲ್ಲ ಕಂದು ಬಣ್ಣ, ನಡುವೆ ಈ ಹಳದಿ. ಶಾಲೆಗೆ ನಡೆದು ಹೋಗುವಾಗ ದಿನಾ ನೋಡುತ್ತಿದ್ದೆ. ಆದರೂ ಯಾರೂ ಇದರ ಬಗ್ಗೆ ಒಂದು ಮಾತು ಕೇಳಿದ್ದು ನಾನು ನೋಡಿಲ್ಲ. ನೀವೇ ಮೊದಲನೆಯವರು. ನಿಮ್ಮ ಅಪ್ಪಾಜಿ ಗಾಡಿ ನಿಲ್ಲಿಸಿ ಇಳಿದರು ಅಂತ ಓದಿ ನನಗೆ ಬಹಳ ಖುಷಿಯಾಯಿತು.

ಸಸ್ಯಶಾಸ್ತ್ರ ಮಾಸ್ತರ, ಬೆಳಗಾವಿ

ಅಪ್ಪಾಜಿಯವರಿಗೆ ನನ್ನ ನಮಸ್ಕಾರ ತಿಳಿಸಿ. ಅವರು ಮೂಸಿ ಹೇಳಿದ್ದು ನೂರಕ್ಕೆ ನೂರು ಸರಿ.

ಇದು ಕಜಾನಸ್ ಲಿನಿಯೇಟಸ್. ನಮ್ಮ ತೊಗರಿ ಕಜಾನಸ್ ಕಜಾನ್. ಇಬ್ಬರಿಗೂ ಮನೆತನದ ಹೆಸರು ಒಂದೇ. ಮೂಸಿದಾಗ ಗೊತ್ತಾಗಲು ಕಾರಣವಿದೆ. ಎಲೆಯ ಹಿಂಬದಿ ಒಂದು ಭೂತಗನ್ನಡಿ ಹಿಡಿದು ನೋಡಿ. ಸಣ್ಣ ಸಣ್ಣ ಹಳದಿ ಚುಕ್ಕೆಗಳು ಕಾಣುತ್ತವೆ. ಅವು ಅಂಟು ರಸದ ಗ್ರಂಥಿಗಳು. ತೊಗರಿ ಎಲೆಯಲ್ಲೂ ಅವೇ ಇವೆ. ತೊಗರಿ ಹೊಲದಲ್ಲಿ ಓಡಾಡಿ ಬಂದರೆ ಕೈಗೆ, ಬಟ್ಟೆಗೆ ಹತ್ತುವ ಆ ವಾಸನೆ ಇದರದ್ದೇ.

ಈ ಗಿಡಕ್ಕೆ ಪುಸ್ತಕದಲ್ಲಿ ಹೆಸರು ಸಿಕ್ಕಿದ್ದು 1834ರಲ್ಲಿ. ರಾಬರ್ಟ್ ವೈಟ್ ಮತ್ತು ವಾಕರ್ ಆರ್ನಾಟ್ ಎಂಬ ಇಬ್ಬರು ಸ್ಕಾಟ್ಲೆಂಡಿನವರು ದಕ್ಷಿಣ ಭಾರತದ ಗಿಡಗಳ ಬಗ್ಗೆ ಬರೆಯುತ್ತಾ ಇದನ್ನು ಅಟೈಲೋಸಿಯಾ ಲಿನಿಯೇಟಾ ಎಂದು ಕರೆದರು. ಲಿನಿಯೇಟಾ ಅಂದರೆ ಗೆರೆಗಳಿರುವುದು. ಆಗ ಇದನ್ನು ತೊಗರಿಯಿಂದ ಬೇರೆ ಕುಲದಲ್ಲಿಟ್ಟರು. ಮುಖ್ಯ ಕಾರಣ ಬೀಜ. ಕಾಡುತೊಗರಿಯ ಬೀಜಕ್ಕೆ, ಕಾಯಿಗೆ ಅಂಟಿಕೊಂಡಿರುವ ಕಡೆ, ಬೆಳ್ಳಗೆ ಒಂದು ಸಣ್ಣ ಗಂಟು ಇರುತ್ತದೆ. ನಮ್ಮ ತೊಗರಿ ಕಾಳಿನಲ್ಲಿ ಅದು ಹಾಗೆ ಎದ್ದು ಕಾಣುವುದಿಲ್ಲ.

ಅಷ್ಟು ಚಿಕ್ಕ ಗಂಟಿನಿಂದ ದಾಯಾದಿಗಳು ಬೇರೆ ಬೇರೆ ಮನೆಯವರಾಗಿ ನೂರೈವತ್ತು ವರ್ಷ ಕಳೆದರು. ಆಮೇಲೆ ತೊಗರಿಗೂ ಈ ಕಾಡು ಗಿಡಗಳಿಗೂ ಪರಾಗ ಸೇರಿಸಿ ನೋಡಿದರು. ಬೀಜ ಕಟ್ಟಿತು. ಆ ಬೀಜದಿಂದ ಬಂದ ಗಿಡಗಳೂ ಬೆಳೆದವು. ಅಷ್ಟು ಹತ್ತಿರದವರನ್ನು ಬೇರೆ ಇಡುವುದು ಸರಿಯಲ್ಲ ಅಂತ ನೆದರ್ಲೆಂಡ್ಸಿನ ವಾನ್ ಡರ್ ಮಾಸೆನ್ 1986ರಲ್ಲಿ ಅಟೈಲೋಸಿಯಾವನ್ನು ಪೂರ್ತಿ ಕಜಾನಸ್ ಒಳಗೆ ಸೇರಿಸಿದರು. ಈಗ ಈ ಕುಲದಲ್ಲಿ ಸುಮಾರು ಮೂವತ್ತು ಜಾತಿಗಳಿವೆ. ಅದರಲ್ಲಿ ನಾವು ಹೊಲದಲ್ಲಿ ಬೆಳೆಯುವುದು ಒಂದೇ ಒಂದನ್ನು. ಉಳಿದದ್ದೆಲ್ಲ ಕಾಡಿನಲ್ಲೇ ಇದೆ.

ಫೋಟೋ ಇನ್ನೊಂದು ಹತ್ತಿರದಿಂದ ಇದ್ದರೆ ಹಾಕಿ. ಪಶ್ಚಿಮ ಘಟ್ಟದಲ್ಲಿ ಕಜಾನಸ್ ಸೆರಿಸಿಯಸ್ ಅಂತ ಇದರ ಇನ್ನೊಬ್ಬ ತಮ್ಮ ಇದ್ದಾನೆ. ಅವನ ಎಲೆ ಇನ್ನೂ ಕಿರಿದು, ರೇಷ್ಮೆಯಂತೆ ಬೆಳ್ಳಗೆ ಹೊಳೆಯುತ್ತದೆ. ನಿಮ್ಮದು ಎಲೆ ಅಗಲ ಇದೆ, ಹಿಂಬದಿ ನರಗಳು ಎದ್ದು ಕಾಣುತ್ತಿವೆ, ಹಾಗಾಗಿ ಲಿನಿಯೇಟಸ್ ಅಂತಲೇ ಹೇಳುತ್ತೇನೆ.

ತಾಳಿಕೋಟಿ ಅಕ್ಕ

ಮಾಸ್ತರೇ, ಹಾಗಾದರೆ ಈ ಕಾಡುತೊಗರಿಯಿಂದಲೇ ನಮ್ಮ ತೊಗರಿ ಹುಟ್ಟಿತಾ?

ಸಸ್ಯಶಾಸ್ತ್ರ ಮಾಸ್ತರ, ಬೆಳಗಾವಿ

ಇಲ್ಲ ಅಕ್ಕಾ. ನಮ್ಮ ತೊಗರಿಯ ಮೂಲ ಕಜಾನಸ್ ಕಜಾನಿಫೋಲಿಯಸ್ ಎಂಬ ಇನ್ನೊಂದು ಕಾಡು ಗಿಡ. ಅದು ಒಡಿಶಾ, ಬಸ್ತರ್ ಕಡೆಯ ಕಾಡುಗಳದ್ದು. ಅದನ್ನು ನೋಡಿದರೆ ನೀವು ತೊಗರಿ ಅಂತಲೇ ತಿಳಿಯುತ್ತೀರಿ, ಅಷ್ಟು ಹೋಲಿಕೆ. ಅದನ್ನು ತೊಗರಿಯ ತಾಯಿ ಅನ್ನಬಹುದು. ಜಾಂಬೋಟಿಯ ಗಿಡ ಚಿಕ್ಕಮ್ಮ. ತೊಗರಿ ನಮ್ಮ ದೇಶದ್ದೇ ಬೆಳೆ. ಇಲ್ಲಿಂದಲೇ ಆಫ್ರಿಕಾಕ್ಕೆ, ಅಲ್ಲಿಂದ ಮುಂದೆ ವೆಸ್ಟ್ ಇಂಡೀಸ್ ತನಕ ಹೋಯಿತು.

ಮುದ್ದೇಬಿಹಾಳ ರೈತ

ಓದಲಿಕ್ಕೆ ಚೆನ್ನಾಗಿದೆ. ಆದರೆ ಒಂದು ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಇದರಿಂದ ರೈತನಿಗೆ ಏನು ಉಪಯೋಗ? ಕಾಯಲ್ಲಿ ಎರಡು ಕಾಳು ಇರುತ್ತದೆ, ಅದೂ ಸಾಸಿವೆಗಿಂತ ಸ್ವಲ್ಪ ದೊಡ್ಡದು. ಬೇಳೆ ಆಗುವುದಿಲ್ಲ. ನಮ್ಮಲ್ಲಿ ಈ ಸಲ ಕಾಯಿ ಕೊರಕ ಹೇಗೆ ಬಿದ್ದಿದೆ ಅಂದರೆ ಬೆಳಗ್ಗೆ ಗಿಡ ಅಲ್ಲಾಡಿಸಿದರೆ ಹಸಿರು ಹುಳು ಮಳೆಯ ಹಾಗೆ ಉದುರುತ್ತವೆ. ಔಷಧಿ ಹೊಡೆದು ಹೊಡೆದು ಸಾಕಾಗಿದೆ.

ಇಂಡಿ ಹೊಲ

ಅಣ್ಣಾ, ನಿಮ್ಮ ಪ್ರಶ್ನೆ ಸರಿಯಾದದ್ದೇ. ನಾನೂ ಮೊದಲು ಅದನ್ನೇ ಯೋಚಿಸಿದೆ. ಆದರೆ ಅಪ್ಪ ಯಾಕೆ ಅಷ್ಟು ಹೊತ್ತು ಆ ಗಿಡದ ಹತ್ತಿರ ನಿಂತರು ಅಂತ ಹೇಳುತ್ತೇನೆ.

2022ರಲ್ಲಿ ನಮ್ಮ ಕಡೆ, ಕಲಬುರಗಿ ಕಡೆ ನೆಟೆ ರೋಗ ಬಂತಲ್ಲ, ನಿಮಗೂ ನೆನಪಿರಬೇಕು. ಮಳೆ ಜಾಸ್ತಿಯಾಗಿತ್ತು. ಎರೆ ಹೊಲ, ನೀರು ಬೇಗ ಇಳಿಯುವುದಿಲ್ಲ. ನಮ್ಮದು ಆರು ಎಕರೆ. ಹೂ ಕಟ್ಟಿ, ಕಾಯಿ ಹಿಡಿಯುವ ಹೊತ್ತು. ಸೋಮವಾರ ಗಿಡ ಹಸಿರಿತ್ತು. ಮುಂದಿನ ಸೋಮವಾರ ಸಾಲು ಸಾಲೇ ಒಣಗಿ ನಿಂತಿದ್ದವು. ಅಪ್ಪ ಒಂದು ಗಿಡ ಕಿತ್ತು ಬುಡ ಸೀಳಿದರು. ಒಳಗೆ ಕಪ್ಪು ಗೆರೆ, ಬುಡದಿಂದ ಮೇಲಿನ ತನಕ. ಏನೂ ಮಾತಾಡದೆ ಬದುವಿನ ಮೇಲೆ ಕೂತುಬಿಟ್ಟರು. ನಾನು ಅವರನ್ನು ಹಾಗೆ ನೋಡಿದ್ದು ಅವ್ವ ತೀರಿಕೊಂಡಾಗ ಒಮ್ಮೆ, ಆವತ್ತು ಒಮ್ಮೆ. ಆ ವರ್ಷ ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋದೆವು. ಒಣ ಕಟ್ಟಿಗೆಯ ನಡುವೆ ಪೂಜೆ ಮಾಡಿ ಬಂದೆವು.

ಜಾಂಬೋಟಿಯಲ್ಲಿ ಆ ಗಿಡದ ಬುಡ ಹಿಡಿದು ಅಪ್ಪ ಕೇಳಿದ್ದು ಇಷ್ಟೇ: "ಇಷ್ಟ್ ಮಳಿ ಬೀಳೂ ಊರಾಗ ಇದಕ್ಕ ನೆಟಿ ಬರಂಗಿಲ್ಲೇನು?"

ನನಗೆ ಉತ್ತರ ಗೊತ್ತಿರಲಿಲ್ಲ. ಅದಕ್ಕೇ ಇಲ್ಲಿ ಬಂದು ಕೇಳಿದೆ.

ಬೀಜದ ಬುಟ್ಟಿ

ಅಪ್ಪಾಜಿಯವರ ಪ್ರಶ್ನೆ ಓದಿ ಸುಮ್ನೆ ಇರಲು ಆಗಲಿಲ್ಲ. ನಾನು ಬಾಗಲಕೋಟೆಯವನು, ಕೃಷಿ ಓದಿದ್ದೇನೆ. ದೇಸಿ ಬೀಜ ಕೂಡಿಡುವುದು ನನ್ನ ಹುಚ್ಚು. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ನೆಟೆ. ಇದು ಫ್ಯುಜೇರಿಯಂ ಉಡಂ ಎಂಬ ಶಿಲೀಂಧ್ರದಿಂದ ಬರುತ್ತದೆ. ಮಣ್ಣಲ್ಲಿ ಇರುತ್ತದೆ, ಬೇರಿನಿಂದ ಒಳಗೆ ಹೋಗಿ ನೀರು ಏರುವ ನಾಳಗಳನ್ನು ಕಟ್ಟಿಬಿಡುತ್ತದೆ. ಗಿಡ ಕಾಲಡಿ ನೀರಿದ್ದರೂ ಬಾಯಾರಿ ಸಾಯುತ್ತದೆ. ಹಳೆ ಬೇರು, ಕೂಳೆಯಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಅದಕ್ಕೇ ಒಂದೇ ಹೊಲದಲ್ಲಿ ಪ್ರತಿ ವರ್ಷ ತೊಗರಿ ಬಿತ್ತಬಾರದು ಅನ್ನುವುದು. ನಡುವೆ ಜೋಳ ಹಾಕಿದರೆ, ಇಲ್ಲವೇ ತೊಗರಿ ಜೊತೆ ಜೋಳ ಅಕ್ಕಡಿ ಹಾಕಿದರೆ ನೆಟೆ ಕಡಿಮೆಯಾಗುತ್ತದೆ. ನಮ್ಮ ಹಿರಿಯರು ಅಕ್ಕಡಿ ಹಾಕುತ್ತಿದ್ದದ್ದು ಸುಮ್ನೆ ಅಲ್ಲ. ಬಿತ್ತುವ ಮುಂಚೆ ಬೀಜಕ್ಕೆ ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ತಡೆಯುವ ಒಳ್ಳೆಯ ಶಿಲೀಂಧ್ರ) ಲೇಪನ ಮಾಡಿ, ಇದನ್ನು ಮಾತ್ರ ಬಿಡಬೇಡಿ.

ನೆಟೆ ತಡೆಯುವ ತಳಿಗಳು ಬಂದಿವೆ. ಮಾರುತಿ ತಳಿ, ಐಸಿಪಿ 8863 ಅಂತಾರಲ್ಲ, 1986ರಲ್ಲಿ ಬಂದದ್ದು. ಅದು ನೆಟೆ ತಡೆಯಿತು, ಆದರೆ ಗೊಡ್ಡು ರೋಗ ತಡೆಯಲಿಲ್ಲ. ಗೊಡ್ಡು ರೋಗ ಬೇರೆ, ಅದು ಕಣ್ಣಿಗೆ ಕಾಣದ ನುಸಿಯಿಂದ ಹರಡುವ ವೈರಸ್. ಗಿಡ ಹಸಿರಾಗಿ ಪೊದೆಯಾಗಿ ನಿಲ್ಲುತ್ತದೆ, ಹೂವೇ ಬಿಡುವುದಿಲ್ಲ. ಆಮೇಲೆ 1993ರಲ್ಲಿ ಆಶಾ ತಳಿ ಬಂತು. ಅದಕ್ಕೆ ಎರಡನ್ನೂ ತಡೆಯುವ ಗುಣ ಇತ್ತು. ಈಗ ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದ ಟಿಎಸ್ 3ಆರ್, ಜಿಆರ್‌ಜಿ 811 ಬಿತ್ತುವವರು ಜಾಸ್ತಿ.

ಈಗ ಕಾಡುತೊಗರಿಗೆ ಬರುತ್ತೇನೆ. ಹೊಲದ ತೊಗರಿ ತಳಿಗಳು ಎಷ್ಟೇ ಹೆಸರಿನಲ್ಲಿದ್ದರೂ ಒಳಗೆ ಒಂದಕ್ಕೊಂದು ಬಹಳ ಹತ್ತಿರ. ಸಾವಿರಾರು ವರ್ಷ ನಾವು ನಮಗೆ ಬೇಕಾದ ಗುಣ ಮಾತ್ರ ಆರಿಸಿಕೊಂಡು ಬಂದೆವು. ದಪ್ಪ ಕಾಳು, ಜಾಸ್ತಿ ಕಾಯಿ, ಒಡೆದು ಚೆಲ್ಲದ ಸಿಪ್ಪೆ. ಉಳಿದ ಗುಣ ಕಾಡಲ್ಲೇ ಉಳಿದವು. ಮುದ್ದೇಬಿಹಾಳದ ಅಣ್ಣ ಕಾಯಿ ಕೊರಕದ ಬಗ್ಗೆ ಬರೆದರಲ್ಲ. ತೊಗರಿಯ ಇನ್ನೊಂದು ಕಾಡು ಬಳಗ ಕಜಾನಸ್ ಸ್ಕಾರಬಿಯಾಯ್ಡಿಸ್. ಅದರ ಕಾಯಿಯ ಮೇಲೆ ರೋಮ ಎಷ್ಟು ಒತ್ತಾಗಿರುತ್ತದೆ ಅಂದರೆ ಸಣ್ಣ ಮರಿ ಹುಳು ಅದನ್ನು ದಾಟಿ ಕಾಯಿ ಕೊರೆಯಲು ಒದ್ದಾಡುತ್ತದೆ. ತೊಗರಿಯಲ್ಲಿ ಸಾಮಾನ್ಯವಾಗಿ ಇಪ್ಪತ್ತು ಇಪ್ಪತ್ತೆರಡು ಶೇಕಡಾ ಪ್ರೋಟೀನ್. ಈ ಕಾಡು ಬಳಗದವರ ಜೊತೆ ಸೇರಿಸಿ ಅದಕ್ಕಿಂತ ಬಹಳ ಜಾಸ್ತಿ ಪ್ರೋಟೀನ್ ಇರುವ ತೊಗರಿ ತಳಿಗಳನ್ನು ಮಾಡಿದ್ದಾರೆ. ಮಾಸ್ತರು ಹೇಳಿದ ಆ ಸೆರಿಸಿಯಸ್ ಕೂಡ ಅದರಲ್ಲಿ ಒಂದು.

ಜಾಂಬೋಟಿಯ ಲಿನಿಯೇಟಸ್ ಕೊಟ್ಟದ್ದು ಬೇರೆಯೇ. ಅದನ್ನು ಹೇಳಲು ತೊಗರಿ ಹೂವಿನಿಂದ ಶುರು ಮಾಡಬೇಕು.

ತೊಗರಿ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಇವೆ. ಮೊಗ್ಗು ಅರಳುವ ಮುಂಚೆಯೇ ಒಳಗೆ ಪರಾಗ ಉದುರುತ್ತದೆ. ಅರಳಿದ ಮೇಲೆ ಜೇನು, ಎಲೆ ಕತ್ತರಿಸುವ ದುಂಬಿ ಬಂದು ಬೇರೆ ಗಿಡದ ಪರಾಗವನ್ನೂ ತರುತ್ತವೆ. ಮೆಕ್ಕೆಜೋಳದ ಹಾಗೆ, ಹತ್ತಿಯ ಹಾಗೆ ತೊಗರಿಯಲ್ಲೂ ಹೈಬ್ರಿಡ್ ಬೀಜ ಮಾಡಬೇಕು ಅಂದರೆ ತಾಯಿ ಗಿಡದ ಪರಾಗ ತೆಗೆಯಬೇಕು. ಕೈಯಿಂದ ಎಷ್ಟು ಹೂ ತೆಗೆಯುತ್ತೀರಿ? ಒಂದು ಹೂವಿಗೆ ಒಂದು ಕಾಯಿ, ಕಾಯಿಗೆ ನಾಲ್ಕೈದು ಕಾಳು. ಆಗದ ಕೆಲಸ. ಪರಾಗವೇ ಕಟ್ಟದ ತಾಯಿ ಗಿಡ ಬೇಕು.

ಅಂಥ ಗಿಡ ಸಿಕ್ಕಿದ್ದು ಕಾಡು ಬಳಗದಿಂದ. ಕಾಡುತೊಗರಿಯನ್ನು ತಾಯಿಯಾಗಿ ಇಟ್ಟು ಅದಕ್ಕೆ ತೊಗರಿಯ ಪರಾಗ ಹಾಕುತ್ತಾರೆ. ಬಂದ ಸಸಿಗೆ ಮತ್ತೆ ತೊಗರಿ ಪರಾಗ. ಹೀಗೆ ಏಳೆಂಟು ತಲೆಮಾರು. ಕೊನೆಗೆ ಗಿಡ ನೋಡಲು, ಕಾಯಿ ಬಿಡಲು ಪೂರ್ತಿ ತೊಗರಿಯೇ. ಆದರೆ ಜೀವಕೋಶದ ಕೇಂದ್ರದ ಹೊರಗಿನ ರಸ ಇದೆಯಲ್ಲ, ಅದು ತಾಯಿಯ ಕಡೆಯಿಂದ ಮಾತ್ರ ಬರುತ್ತದೆ. ಅದು ಕಾಡಿನದ್ದೇ ಉಳಿಯುತ್ತದೆ. ಒಳಗಿನ ತೊಗರಿ, ಹೊರಗಿನ ಕಾಡು ರಸ, ಎರಡಕ್ಕೂ ಹೊಂದಿಕೆಯಾಗದೆ ಪರಾಗ ಕಟ್ಟುವುದಿಲ್ಲ. ಹೆಣ್ಣು ಭಾಗ ಚೆನ್ನಾಗಿಯೇ ಇರುತ್ತದೆ.

ಯಾವ ಕಾಡು ಗಿಡದ ರಸ ಅನ್ನುವುದರ ಮೇಲೆ ಇವಕ್ಕೆ ಎ1, ಎ2 ಅಂತ ನಂಬರ್ ಕೊಟ್ಟಿದ್ದಾರೆ. ಸೆರಿಸಿಯಸ್‌ನದು ಎ1. ಸ್ಕಾರಬಿಯಾಯ್ಡಿಸ್‌ನದು ಎ2. ಅಕ್ಕ ಕೇಳಿದ ತೊಗರಿಯ ತಾಯಿ ಕಜಾನಿಫೋಲಿಯಸ್‌ನದು ಎ4. ಮಧ್ಯಪ್ರದೇಶದಲ್ಲಿ 2010ರಲ್ಲಿ ಬಿಡುಗಡೆಯಾದ ಐಸಿಪಿಎಚ್ 2671 ಹೈಬ್ರಿಡ್ ತೊಗರಿ ಈ ಎ4ನಿಂದ ಬಂದದ್ದು. ನಮ್ಮ ಜಾಂಬೋಟಿ ಗಿಡದ ಜಾತಿ, ಲಿನಿಯೇಟಸ್, ಅದರದು ಎ6.

ಈ ಕೆಲಸ ಬಹಳಷ್ಟು ನಡೆದದ್ದು ಹೈದರಾಬಾದ್ ಹತ್ತಿರ ಪಟಾನ್‌ಚೆರುವಿನ ಇಕ್ರಿಸ್ಯಾಟ್‌ನಲ್ಲಿ. ಒಣಭೂಮಿ ಬೆಳೆಗಳ ಬಗ್ಗೆ ಸಂಶೋಧನೆ ಮಾಡುವ ಅಂತಾರಾಷ್ಟ್ರೀಯ ಸಂಸ್ಥೆ ಅದು, 1972ರಲ್ಲಿ ಶುರುವಾದದ್ದು. ಅಲ್ಲಿನ ಬೀಜ ಬ್ಯಾಂಕಿನಲ್ಲಿ ತೊಗರಿಯ 13 ಸಾವಿರಕ್ಕೂ ಜಾಸ್ತಿ ಮಾದರಿ ಕೂಡಿಟ್ಟಿದ್ದಾರೆ. ಕಾಡು ಬಳಗದ್ದು ಅದರಲ್ಲಿ ಸಣ್ಣ ಪಾಲು. ಬ್ಯಾಂಕಿನ ತಣ್ಣನೆ ಡಬ್ಬಿಯಲ್ಲಿ ಇಟ್ಟ ಬೀಜ ಇಟ್ಟ ದಿನದ್ದಾಗಿಯೇ ಇರುತ್ತದೆ. ಗುಡ್ಡದ ಮೇಲಿನ ಗಿಡ ಹಾಗಲ್ಲ. ಪ್ರತಿ ವರ್ಷ ಮಳೆ, ಬಿಸಿಲು, ರೋಗ, ಹುಳು ಎದುರಿಸಿ ಬದಲಾಗುತ್ತಾ ಇರುತ್ತದೆ. ಅದಕ್ಕೇ ಅದು ಗುಡ್ಡದ ಮೇಲೂ ಇರಬೇಕು ಅಂತ ನಾನು ಹೇಳುವುದು.

ತಾಳಿಕೋಟಿ ಅಕ್ಕ

ಇದನ್ನು ಎರಡು ಸಲ ಓದಿದೆ. ನಮ್ಮ ಮನೆಯವರಿಗೂ ಓದಿ ಹೇಳಿದೆ. ದಿನಾ ಬೇಳೆ ಕುದಿಸುತ್ತೇವೆ, ಹಸಿಕಾಯಿ ಉಪ್ಪು ಹಾಕಿ ಕುದಿಸಿ ತಿನ್ನುತ್ತೇವೆ. ಅದರ ಹಿಂದೆ ಇಷ್ಟು ದೊಡ್ಡ ಬಳಗ ಇದೆ ಅಂತ ಗೊತ್ತೇ ಇರಲಿಲ್ಲ.

ಮುದ್ದೇಬಿಹಾಳ ರೈತ

ಬುಟ್ಟಿ ಸರ್, ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ಧನ್ಯವಾದ. ಈಗ ಹೇಳಿ, ನಾಲ್ಕು ಕಾಯಿ ಕಿತ್ತು ತಂದು ನಮ್ಮ ಬದುವಿನ ಮೇಲೆ ಹಾಕಿದರೆ ಬರುತ್ತದಾ? ನಾನು ಮುಂದಿನ ವಾರ ಬೆಳಗಾವಿಗೆ ಹೊರಟಿದ್ದೇನೆ.

ಖಾನಾಪುರದವಳು

ದಯವಿಟ್ಟು ಕೀಳಬೇಡಿ ಅಣ್ಣಾ. ಈ ದಾರಿಯ ಸುತ್ತ ಬಹಳಷ್ಟು ಅರಣ್ಯ ಇಲಾಖೆ ಜಾಗ. ಆಚೆ ಭೀಮಗಡ ವನ್ಯಜೀವಿ ಧಾಮ ಇದೆ, 2011ರಲ್ಲಿ ಘೋಷಣೆ ಆದದ್ದು. ಅಲ್ಲಿಂದ ಒಂದು ಎಲೆ ತೆಗೆಯಲೂ ಅನುಮತಿ ಬೇಕು. ಇಲ್ಲಿ ಓದಿದ ಹತ್ತು ಜನ ಬಂದು ನಾಲ್ಕು ನಾಲ್ಕು ಕಾಯಿ ಕಿತ್ತರೂ ಆ ಇಳಿಜಾರು ಬರಿದಾಗುತ್ತದೆ. ಗಿಡಕ್ಕೆ ಕಾಯಿ ಮೊದಲೇ ಕಡಿಮೆ.

ಸಸ್ಯಶಾಸ್ತ್ರ ಮಾಸ್ತರ, ಬೆಳಗಾವಿ

ಅಕ್ಕನವರ ಮಾತಿಗೆ ನನ್ನ ಒಪ್ಪಿಗೆ ಇದೆ. ತಂದರೂ ಬರುವುದು ಕಷ್ಟ. ಘಟ್ಟದ ಮಳೆಗೆ, ನೀರು ನಿಲ್ಲದ ಇಳಿಜಾರಿಗೆ ಹೊಂದಿಕೊಂಡ ಗಿಡ ಅದು. ನಿಮ್ಮದು ಎರೆ ಭೂಮಿ. ಬೀಜದ ಸಿಪ್ಪೆಯೂ ಗಟ್ಟಿ. ಹೊಲದ ತೊಗರಿಯ ಹಾಗೆ ಬಿತ್ತಿದ ನಾಲ್ಕೈದು ದಿನಕ್ಕೆ ಮೊಳೆಯುವುದಿಲ್ಲ. ಸಿಪ್ಪೆ ಸ್ವಲ್ಪ ಗೀರಿದರೆ ಮಾತ್ರ ನೀರು ಒಳಗೆ ಹೋಗುತ್ತದೆ.

ಆದರೆ ನೀವು ನಿರಾಶೆ ಆಗಬೇಡಿ. ತೊಗರಿಯ ಒಬ್ಬ ಕಾಡು ಬಳಗದವನು ನಿಮ್ಮ ಹೊಲದ ಸುತ್ತಲೇ ಇರಬಹುದು. ಬುಟ್ಟಿಯವರು ಹೇಳಿದ ಸ್ಕಾರಬಿಯಾಯ್ಡಿಸ್. ಅದು ಗಿಡ ಅಲ್ಲ, ಬಳ್ಳಿ. ಒಡ್ಡಿನ ಹುಲ್ಲಿಗೆ ಸುತ್ತಿಕೊಂಡು ಹರಡುತ್ತದೆ. ಮೂರು ಎಲೆ, ಸಣ್ಣ ಹಳದಿ ಹೂ. ಕಾಯಿ ಚಪ್ಪಟೆ, ಕಂದು ರೋಮ, ಕಾಳು ಕಾಳಿನ ನಡುವೆ ಅಡ್ಡ ಗೆರೆ ಒತ್ತಿದ ಹಾಗೆ ಇರುತ್ತದೆ. ಇದು ದೇಶದ ತುಂಬಾ ಇದೆ. ಹೊಲಕ್ಕೆ ಹೋದಾಗ ಬದು, ಹಳ್ಳದ ದಂಡೆ ಒಮ್ಮೆ ನೋಡಿ.

ಇಂಡಿ ಹೊಲ

ನೋಡಿದೆ ಸರ್. ಇವತ್ತು ಬೆಳಗ್ಗೆ ನಾನು ಅಪ್ಪ ಇಬ್ಬರೂ ಹೋಗಿದ್ದೆವು.

ಹೊಲದ ಕೆಳಗಿನ ಒಡ್ಡು, ಹಳ್ಳದ ಕಡೆ. ಹುಲ್ಲು ಸರಿಸಿದರೆ ಸಿಕ್ಕಿತು. ಒಂದೇ ಬಳ್ಳಿ. ಎರಡು ಹೂ, ಏಳು ಕಾಯಿ. ಕಾಯಲ್ಲಿ ಅಡ್ಡ ಗೆರೆ ಸ್ಪಷ್ಟ ಕಾಣುತ್ತದೆ. ಫೋಟೋ ಹಾಕಿದ್ದೇನೆ, ಅದೇನಾ ಹೇಳಿ.

ಅಪ್ಪ ಬಹಳ ಹೊತ್ತು ನೋಡಿದರು. ಆಮೇಲೆ ಹೇಳಿದರು, ಇದನ್ನು ಅವರು ಸಣ್ಣವರಿದ್ದಾಗಿನಿಂದ ಕಿತ್ತು ಒಗೆಯುತ್ತಾ ಬಂದಿದ್ದಾರಂತೆ. ಕಸ ಅಂತ. ಅಜ್ಜನೂ ಕೀಳುತ್ತಿದ್ದರಂತೆ. ಹಿಂದೆ ಒಡ್ಡಿನ ತುಂಬಾ ಇರುತ್ತಿತ್ತು, ಈಗ ಕಳೆ ಔಷಧಿ ಹೊಡೆಯಲು ಶುರು ಮಾಡಿದ ಮೇಲೆ ಕಡಿಮೆಯಾಗಿದೆ ಅಂದರು. ಕಳೆ ಔಷಧಿ ತಂದು ಹೊಡೆದವನು ನಾನು. ಮೂರು ವರ್ಷದಿಂದ ಒಡ್ಡಿನ ಮೇಲೂ ಹೊಡೆಯುತ್ತಿದ್ದೇನೆ. ಅದು ನನ್ನ ತಪ್ಪು. ಇನ್ನು ಮುಂದೆ ಒಡ್ಡಿಗೆ ಹೊಡೆಯುವುದಿಲ್ಲ.

ಅಪ್ಪ ಆ ಬಳ್ಳಿಯ ಸುತ್ತ ನಾಲ್ಕು ಕಲ್ಲು ಇಟ್ಟು ಬಂದಿದ್ದಾರೆ.

ಸಸ್ಯಶಾಸ್ತ್ರ ಮಾಸ್ತರ, ಬೆಳಗಾವಿ

ಅದೇ. ಖಂಡಿತಾ ಅದೇ. ಆ ಏಳು ಕಾಯಿ ಅಲ್ಲೇ ಒಣಗಿ ಸಿಡಿಯಲು ಬಿಡಿ. ಕಾಡು ಬಳಗದ ಕಾಯಿ ತಾವಾಗಿ ಒಡೆದು ಬೀಜ ಚೆಲ್ಲುತ್ತವೆ. ಮುಂದಿನ ಮಳೆಗೆ ಅಲ್ಲೇ ನಾಲ್ಕು ಹುಟ್ಟಬಹುದು.

ಬಾದಾಮಿ ಬಂಡೆ

ನಾನು ಹೊನ್ನಾವರಿಕೆ ಅಂತ ಹೇಳಿ ಹೋದವನು, ಈಗ ಮಲಪ್ರಭೆ ದಂಡೆಯೆಲ್ಲಾ ಹುಡುಕುತ್ತಿದ್ದೇನೆ. ಪಟ್ಟದಕಲ್ಲಿನ ಕಡೆ ಬಳ್ಳಿ ಸಿಕ್ಕಿದೆ. ಫೋಟೋ ಸಂಜೆ ಹಾಕುತ್ತೇನೆ.

ಖಾನಾಪುರದವಳು

ಒಂದು ಬೇಸರದ ವಿಷಯ ಹೇಳಬೇಕು. ಇಂಡಿ ಅಣ್ಣನವರು ಫೋಟೋ ತೆಗೆದ ಜಾಗಕ್ಕೆ ನಿನ್ನೆ ಹೋಗಿದ್ದೆ. ರಸ್ತೆ ಅಂಚಿನ ಗಿಡಗಂಟಿ ಸವರುವ ಕೆಲಸ ನಡೆದಿದೆ. ತಿರುವಿನಲ್ಲಿ ಎದುರಿನ ಗಾಡಿ ಕಾಣಲಿ ಅಂತ ಮಾಡುತ್ತಾರೆ, ಅದು ಬೇಕಾದ ಕೆಲಸವೇ. ಆದರೆ ತಿರುವು ಇಲ್ಲದ ಕಡೆಯೂ ಮೇಲಿನ ತನಕ ಸವರಿದ್ದಾರೆ. ಕೆಳಗಿನ ಸಾಲಿನ ಕಾಡುತೊಗರಿ ಬುಡಸಮೇತ ಹೋಗಿದೆ. ಕೊಂಬೆಗಳು ಹೂ ಸಮೇತ ಚರಂಡಿಯಲ್ಲಿ ಬಿದ್ದಿದ್ದವು.

ಮೇಲೆ ಹತ್ತಿ ಎಣಿಸಿದೆ. ಹದಿನೇಳು ಗಿಡ ಉಳಿದಿವೆ. ಅವುಗಳಿಗೂ ಅಪಾಯ ತಪ್ಪಿಲ್ಲ. ಫೆಬ್ರವರಿ, ಮಾರ್ಚ್ ಬಂದರೆ ಒಣ ಹುಲ್ಲಿಗೆ ಯಾರೋ ಬೆಂಕಿ ಹಾಕುತ್ತಾರೆ. ಹೊಸ ಹುಲ್ಲು ಚೆನ್ನಾಗಿ ಬರುತ್ತದೆ ಅನ್ನುವ ನಂಬಿಕೆ. ಕಾಯಿ ಬಲಿತು ಬೀಜ ಬೀಳುವ ಹೊತ್ತಿಗೇ ಬೆಂಕಿ ಬೀಳುತ್ತದೆ.

ಕೆಲಸದವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಅದು ಹುಲ್ಲು, ಕಸ. ಹೆಸರೇ ಗೊತ್ತಿಲ್ಲದ ಗಿಡವನ್ನು ಉಳಿಸಿ ಅಂತ ಅವರಿಗೆ ಯಾರು ಹೇಳಬೇಕು? ಹತ್ತು ವರ್ಷ ಇದೇ ದಾರಿಯಲ್ಲಿ ನಡೆದ ನಾನೇ ಹೇಳಿಲ್ಲ.

ಬೀಜದ ಬುಟ್ಟಿ

ಅಕ್ಕಾ, ಒಂದು ದಾರಿ ಇದೆ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಮರ, ದನ, ಬೀಜ, ಅದರ ಬಗ್ಗೆ ಜನರಿಗೆ ಇರುವ ತಿಳಿವಳಿಕೆ, ಎಲ್ಲವನ್ನೂ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆಯಬೇಕು. ನಿಮ್ಮ ಪಂಚಾಯಿತಿಯ ದಾಖಲಾತಿ ಪುಸ್ತಕ ತೆಗೆಸಿ ನೋಡಿ. ರಾನ್ ತೂರ್ ಅದರಲ್ಲಿ ಇಲ್ಲದಿದ್ದರೆ ಸೇರಿಸಲು ಅರ್ಜಿ ಕೊಡಿ. ಸ್ಥಳೀಯ ಹೆಸರು, ಶಾಸ್ತ್ರದ ಹೆಸರು, ಎಲ್ಲಿದೆ, ಎಷ್ಟಿದೆ, ಯಾವಾಗ ಹೂ, ಯಾವಾಗ ಕಾಯಿ, ಇಷ್ಟು ಬರೆದರೆ ಸಾಕು. ನೀವು ಎಣಿಸಿದ ಹದಿನೇಳು ಬಹಳ ಮುಖ್ಯ. ಬರೆದಿಟ್ಟರೆ ರಸ್ತೆ ಕೆಲಸಕ್ಕೆ ಬರುವವರಿಗೆ, ಅರಣ್ಯ ಇಲಾಖೆಯ ಬೀಟ್ ಗಾರ್ಡ್‌ಗೆ ತೋರಿಸಲು ಕೈಯಲ್ಲಿ ಒಂದು ಕಾಗದ ಇರುತ್ತದೆ.

ಸಸ್ಯಶಾಸ್ತ್ರ ಮಾಸ್ತರ, ಬೆಳಗಾವಿ

ಗಿಡದ ವಿವರ ನಾನು ಕನ್ನಡ, ಮರಾಠಿ ಎರಡರಲ್ಲೂ ಬರೆದು ಕೊಡುತ್ತೇನೆ. ನಮ್ಮ ವಿದ್ಯಾರ್ಥಿಗಳನ್ನು ಕರೆದುಕೊಂಡು ಬಂದು ಪಕ್ಕದ ಇಳಿಜಾರುಗಳನ್ನೂ ಎಣಿಸೋಣ. ಹದಿನೇಳಕ್ಕಿಂತ ಜಾಸ್ತಿ ಸಿಗುತ್ತವೆ ಅಂತ ನನ್ನ ನಂಬಿಕೆ. ಹೂ ಇರುವಾಗಲೇ ಬರಬೇಕು. ಹೂ ಹೋದ ಮೇಲೆ ಹುಲ್ಲಿನ ನಡುವೆ ಗುರುತಿಸುವುದು ಕಷ್ಟ.

ಇಂಡಿ ಹೊಲ

ನಾವೂ ಬರುತ್ತೇವೆ. ಅರ್ಜಿಗೆ ರೈತರ ಸಹಿ ಇದ್ದರೆ ಒಳ್ಳೆಯದಲ್ವಾ? ಇಂಡಿಯಿಂದ ಖಾನಾಪುರ ದೂರ, ಆದರೆ ಅಪ್ಪ ನಿನ್ನೆಯಿಂದ ಎರಡು ಸಲ ಕೇಳಿದರು, ಯಾವಾಗ ಹೋಗುವುದು ಅಂತ. ಗಿಡ ಸವರಿದ ವಿಷಯ ಅವರಿಗೆ ಇನ್ನೂ ಹೇಳಿಲ್ಲ. ದಾರಿಯಲ್ಲಿ ಹೇಳುತ್ತೇನೆ.

ಮುದ್ದೇಬಿಹಾಳ ರೈತ

ನಾನು ಬೆಳಗಾವಿಗೆ ಹೇಗೂ ಹೊರಟವನು. ಕಾಯಿ ಕೀಳುವುದಿಲ್ಲ. ಸಹಿ ಹಾಕಿ ಬರುತ್ತೇನೆ.

ಖಾನಾಪುರದವಳು

ಹಾಗಾದರೆ ಬುಧವಾರ ಬನ್ನಿ, ಎಲ್ಲರೂ. ಪಂಚಾಯಿತಿಯಲ್ಲಿ ಮಾತಾಡಿ ಇಟ್ಟಿದ್ದೇನೆ, ಹನ್ನೊಂದು ಗಂಟೆಗೆ ಸಿಗುತ್ತಾರೆ. ಅದಕ್ಕೂ ಮೊದಲು ಎಂಟಕ್ಕೆ ಜಾಂಬೋಟಿ ಬಸ್ ಸ್ಟಾಪಿನ ಹತ್ತಿರ ಸೇರೋಣ. ಇಳಿಜಾರಿಗೆ ಬೆಳಗಿನ ಬಿಸಿಲು ಬೀಳುವಾಗ ಹೂ ಚೆನ್ನಾಗಿ ಕಾಣುತ್ತದೆ. ಇಂಡಿ ಅಣ್ಣಾ, ಅಪ್ಪಾಜಿಯವರಿಗೆ ಹತ್ತಲು ಸುಲಭದ ದಾರಿ ನಾನು ನೋಡಿಟ್ಟಿದ್ದೇನೆ, ಹಿಂದಿನಿಂದ ದನ ಹೋಗುವ ಕಾಲುದಾರಿ ಇದೆ. ಊಟ ನಮ್ಮ ಮನೆಯಲ್ಲೇ. ಬರುವಾಗ ನಿಮ್ಮ ಹೊಲದ ತೊಗರಿಯ ಒಂದು ಕೊಂಬೆ, ಹೂ ಕಾಯಿ ಎರಡೂ ಇರುವುದು, ತನ್ನಿ. ಪಂಚಾಯಿತಿಯವರ ಮುಂದೆ ಎರಡನ್ನೂ ಜೊತೆಗೆ ಇಟ್ಟು ತೋರಿಸೋಣ. ಇಲ್ಲಿಯ ಕೊಂಬೆ ಹೊಸದಾಗಿ ಕೀಳುವುದು ಬೇಡ, ಚರಂಡಿಯಲ್ಲಿ ಬಿದ್ದಿದ್ದರಲ್ಲಿ ಒಂದನ್ನು ಎತ್ತಿ ನೀರಲ್ಲಿ ಇಟ್ಟಿದ್ದೇನೆ. ಇನ್ನೂ ಬಾಡಿಲ್ಲ.